ಮೆದುಳು ಉಳಿಸಲು ಹೋಗಿ ಎದೆಗೆ ನೀರು ತುಂಬಿದ ಚಿಕಿತ್ಸೆ

ಬೀದರ್, ಹುಮನಾಬಾದ್ ಕಡೆ ಯಾರಿಗಾದರೂ ಸಿಡಿಲು ಬಡಿದಂಥ ತಲೆನೋವು ಬಂದು ಎಚ್ಚರ ತಪ್ಪಿದರೆ ಆಂಬುಲೆನ್ಸ್ ಬಹಳ ಸಲ ಹೈದರಾಬಾದಿನ ಹಾದಿಯನ್ನೇ ಹಿಡಿಯುತ್ತದೆ. ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯ ಹೆಸರು ಆ ಊರುಗಳಿಗೆ ಹೊಸದಲ್ಲ. ಮೆದುಳಿನ ಬುಡದ ರಕ್ತನಾಳದಲ್ಲಿದ್ದ ಉಬ್ಬು ಒಡೆದು ಸುತ್ತಲೂ ರಕ್ತ ಹರಡುವ ಈ ಕಾಯಿಲೆಯಲ್ಲಿ ಎಲ್ಲರ ಕಣ್ಣೂ ತಲೆಯ ಸ್ಕ್ಯಾನಿನ ಮೇಲೆ. ಆದರೆ ಕ್ಲಿಪ್ ಹಾಕಿಯೋ ಕಾಯಿಲ್ ತುಂಬಿಯೋ ಉಬ್ಬನ್ನು ಮುಚ್ಚಿದ ಮೇಲೂ ಎಷ್ಟೋ ಜನರನ್ನು ಐಸಿಯುನಿಂದ ಹೊರಬರಲು ಬಿಡದಿರುವುದು ಶ್ವಾಸಕೋಶ. ಆ ಶ್ವಾಸಕೋಶದ ತೊಂದರೆಯಲ್ಲಿ ಒಂದು ಪಾಲನ್ನು ಚಿಕಿತ್ಸೆಯೇ ತಂದಿತ್ತು ಎಂಬುದನ್ನು ಮುಚ್ಚಿಡಬಾರದು.

ಉಬ್ಬು ಒಡೆದ ಗಳಿಗೆಯಲ್ಲಿ ಬುರುಡೆಯೊಳಗಿನ ಒತ್ತಡ ಏರಿ, ಮೈತುಂಬ ಅಡ್ರಿನಲಿನ್ ನುಗ್ಗುತ್ತದೆ. ಶ್ವಾಸಕೋಶದ ಕೂದಲೆಳೆಯಂಥ ನಾಳಗಳು ಆ ಹೊಡೆತಕ್ಕೆ ಸೋರುತ್ತವೆ. ಹೃದಯದ ಸ್ನಾಯುವೂ ಸೋಲಬಹುದು. ಕೆಲವರಿಗೆ ಗಂಟೆಗಳೊಳಗೇ ಬಾಯಲ್ಲಿ ನಸುಗೆಂಪು ನೊರೆ ಬರುತ್ತದೆ. ಎಕ್ಸ್‌ರೇಯಲ್ಲಿ ಕಪ್ಪಗಿರಬೇಕಾದ ಎದೆ ಹಿಂಜಿದ ಹತ್ತಿ ಇಟ್ಟಂತೆ ಬೆಳ್ಳಗಿರುತ್ತದೆ. ಎಚ್ಚರ ಮಬ್ಬಾದವರಿಗೆ ಕೆಮ್ಮುವ, ನುಂಗುವ ಶಕ್ತಿ ಕುಂದಿರುವುದರಿಂದ ವಾಂತಿ, ಎಂಜಲು ಶ್ವಾಸನಾಳಕ್ಕಿಳಿದು ನಿಮೋನಿಯಾ ಆಗುವುದು ಇನ್ನೊಂದು ಕಂಟಕ.

ಇಂಥ ಎದೆಗೇ ವೈದ್ಯರು ವರ್ಷಗಟ್ಟಲೆ ಸಲೈನ್ ಸುರಿದರು. ರಕ್ತಸ್ರಾವವಾದ ನಾಲ್ಕನೆಯ ದಿನದಿಂದ ಎರಡು ವಾರದವರೆಗೆ ಮೆದುಳಿನ ನಾಳಗಳು ಬಿಗಿದುಕೊಳ್ಳುವ ಭಯವಿರುತ್ತದೆ. ಅದಕ್ಕೆ ಮದ್ದೆಂದು ಬಂದದ್ದು ‘ಟ್ರಿಪಲ್ ಎಚ್’: ರಕ್ತದ ಪ್ರಮಾಣ ಹೆಚ್ಚಿಸು, ರಕ್ತವನ್ನು ತೆಳುಮಾಡು, ಒತ್ತಡ ಏರಿಸು. ಕೇಳಲು ತರ್ಕಬದ್ಧ, ಪುರಾವೆ ಮಾತ್ರ ಬಡಕಲು. 2000ದಲ್ಲಿ ಪ್ರಕಟವಾದ ನ್ಯೂಯಾರ್ಕಿನ ಅಧ್ಯಯನವೊಂದರಲ್ಲಿ 82 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದಾಗ, ಹೆಚ್ಚು ದ್ರವ ಪಡೆದವರ ಮೆದುಳಿಗೆ ಹೆಚ್ಚು ರಕ್ತ ಹರಿದಿರಲಿಲ್ಲ. 2012ರ ಅಮೆರಿಕನ್ ಮಾರ್ಗಸೂಚಿ ದ್ರವವನ್ನು ಸಮತೋಲದಲ್ಲಿಡಿ ಎಂದಿತು. ‘ಸಲಾಯಿನ್ ಹಚ್ಚಿದ್ರ ತಾಕತ್ತು ಬರ್ತದ’ ಎಂಬ ನಮ್ಮ ನಂಬಿಕೆ ಇಲ್ಲಿ ತಿರುಗುಬಾಣ.

ಒಂದೇ ಅಂಗದ ಮೇಲೆ ಕಣ್ಣು ನೆಟ್ಟ ತಪ್ಪಿಗೆ ಹೈದರಾಬಾದಿನಲ್ಲೇ ಹಳೆಯ ಉದಾಹರಣೆಯಿದೆ. 1888 ಮತ್ತು 1889ರಲ್ಲಿ, ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿಯ ಹಟದಿಂದ, ನಿಜಾಮರ ಬೆಂಬಲದಲ್ಲಿ, ಅರಿವಳಿಕೆಗೆ ಬಳಸುತ್ತಿದ್ದ ಕ್ಲೋರೋಫಾರ್ಮಿನ ಅಪಾಯ ಪರೀಕ್ಷಿಸಲು ಎರಡು ಆಯೋಗಗಳು ನಡೆದವು. ಎರಡನೆಯದಕ್ಕೆ ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್ ಬಂದರು. ಕ್ಲೋರೋಫಾರ್ಮ್ ಅತಿಯಾದರೆ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ, ಉಸಿರನ್ನೇ ಕಾಯಿರಿ ಎಂದು ತೀರ್ಮಾನವಾಯಿತು. ಉಸಿರು ಕಾಯಿರಿ ಎಂದದ್ದು ಇಂದಿಗೂ ಒಳ್ಳೆಯ ಮಾತು. ಹೃದಯವನ್ನು ಬದಿಗಿಟ್ಟದ್ದು ತಪ್ಪು: 1911ರ ಹೊತ್ತಿಗೆ ಸಂಶೋಧಕ ಗುಡ್‌ಮನ್ ಲೆವಿ, ಕ್ಲೋರೋಫಾರ್ಮಿನ ಜೊತೆ ಅಡ್ರಿನಲಿನ್ ಸೇರಿದರೆ ಹೃದಯವೇ ತಾಳ ತಪ್ಪಿ ನಿಲ್ಲಬಹುದೆಂದು ತೋರಿಸಿದರು. ಲಾರಿ ಉಸಿರು ನೋಡಿ ಹೃದಯ ಮರೆತರು. ಟ್ರಿಪಲ್ ಎಚ್ ಮೆದುಳು ನೋಡಿ ಉಸಿರು ಮರೆಯಿತು.

ಈ ಕಾಯಿಲೆಯಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಸದ್ದಿಲ್ಲದ ಕೆಲಸಗಳಿಗೆ. ಹಾಸಿಗೆಯ ತಲೆಭಾಗವನ್ನು 30 ಡಿಗ್ರಿ ಎತ್ತುವುದು, ಗಂಟೆಗಂಟೆಗೂ ಮೂತ್ರ ಅಳೆದು ಒಳಹೋದ ದ್ರವದ ಲೆಕ್ಕ ಇಡುವುದು, ನುಂಗಬಲ್ಲರೇ ಎಂದು ಪರೀಕ್ಷಿಸಿಯೇ ಬಾಯಿಗೆ ಏನನ್ನಾದರೂ ಕೊಡುವುದು. ಇವನ್ನೆಲ್ಲ ಮಾಡುವವರು ನರ್ಸ್‌ಗಳು. ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಐದಾರು ಹಾಸಿಗೆ ವಹಿಸಿದರೆ ಯಾವ ಮಾರ್ಗಸೂಚಿಯೂ ಕಾಗದ ಬಿಟ್ಟು ಕೆಳಗಿಳಿಯುವುದಿಲ್ಲ.

ಪೇಷಂಟ್ ಕಡೆಯವರಲ್ಲಿ ಒಂದು ವಿನಂತಿ. ಹೈದರಾಬಾದಿನ ಹಾದಿಯಲ್ಲಿ ಜಹೀರಾಬಾದ್ ದಾಟುವಾಗ ತೊಡೆಯ ಮೇಲಿನ ತಲೆ ನೋಡಿ ಕರುಳು ಕಿವುಚುತ್ತದೆ, ಗಂಟಲು ಒಣಗಿರಬೇಕೆಂದು ಒಂದು ಚಮಚ ನೀರು ಬಿಡಬೇಕೆನಿಸುತ್ತದೆ. ದಯವಿಟ್ಟು ಬಿಡಬೇಡಿ. ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಬಾಯಿಯ ಎಂಜಲು ಒರೆಸಿ, ಉಸಿರು ನೋಡುತ್ತಾ ಇರಿ.