ಪಾಪನಿವೇದನೆಯಲ್ಲಿ ಕಾಣದ ಒಬ್ಬರು

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಮುಗಿಯುತ್ತ ಬಂದಂತೆ ಬೆಂಗಳೂರಿನ ಜಯನಗರ, ಬನಶಂಕರಿ, ಬಿಟಿಎಂ ಬಡಾವಣೆಯ ಕಥೋಲಿಕರು ಪಾಪನಿವೇದನೆಗೆ, ಎಂದರೆ ಗುರುಗಳ ಮುಂದೆ ತಮ್ಮ ಪಾಪ ಹೇಳಿಕೊಳ್ಳಲು, ಸಾಲು ನಿಲ್ಲುತ್ತಾರೆ. ಆಸ್ಪತ್ರೆಯ ನರ್ಸುಗಳು, ಸಾಫ್ಟ್‌ವೇರ್ ಕಂಪನಿಯವರು, ಮನೆಗೆಲಸದ ಹೆಂಗಸರು, ಪಿಜಿ ನಡೆಸುವವರು ಎಲ್ಲರೂ ಒಂದೇ ಸಾಲಿನಲ್ಲಿ. ದಿನವಿಡೀ ಆಫೀಸಿನಲ್ಲಿ ಇಂಗ್ಲಿಷ್ ಮಾತಾಡುವವರೂ ಇಲ್ಲಿ ಕನ್ನಡವೋ ಕೊಂಕಣಿಯೋ ತಮಿಳೋ ಬಲ್ಲ ಫಾದರನ್ನು ಹುಡುಕುತ್ತಾರೆ. ಕ್ರೈಸ್ತರ ಆಚರಣೆಗಳಲ್ಲಿ ಇಷ್ಟು ಧೈರ್ಯ ಬೇಡುವುದು ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಆದ್ದರಿಂದಲೇ ಅದನ್ನು ಒರೆಗೆ ಹಚ್ಚಬೇಕು.

ಅದರ ಬಲವಿರುವುದು ಬಾಯಿಬಿಟ್ಟು ಹೇಳುವುದರಲ್ಲಿ. ತಪ್ಪನ್ನು ಮನಸ್ಸಿನಲ್ಲೇ ದೇವರಿಗೆ ಒಪ್ಪಿಸುವಾಗ ಆರೋಪಿ, ವಕೀಲ, ನ್ಯಾಯಾಧೀಶ ಮೂವರೂ ನಾವೇ. ಸಬೂಬು ಸಲೀಸಾಗಿ ಗೆದ್ದುಬಿಡುತ್ತದೆ. ‘ಹೆತ್ತವಳ ಮೇಲೆ ಕೈ ಎತ್ತಿದೆ’ ಎಂದು ಇನ್ನೊಬ್ಬರ ಕಿವಿಗೆ ಬೀಳುವಂತೆ ಹೇಳುವಾಗ ಆ ಆಟ ನಡೆಯದು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ನೇರವಾಗಿ ಬಯಲು ಮಾಡಿದವರಿಗೆ ಧರ್ಮಸಭೆಯಿಂದಲೇ ಬಹಿಷ್ಕಾರ. ಈ ಕಟ್ಟು ಇಲ್ಲದಿದ್ದರೆ ಯಾರು ತಾನೇ ಬಾಯಿ ಬಿಟ್ಟಾರು?

ಇದು ದುಡ್ಡಿಲ್ಲದ ಕೌನ್ಸೆಲಿಂಗ್ ಅಷ್ಟೇ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಆಪ್ತಸಮಾಲೋಚಕರು ನೋವನ್ನು ಕೇಳುತ್ತಾರೆ, ಅದರ ಬೇರು ಹುಡುಕುತ್ತಾರೆ. ‘ತಪ್ಪು ನಿನ್ನದೇ’ ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ. ‘ನಿನ್ನ ಪಾಪ ಕಳೆಯಿತು, ಹೋಗು’ ಎನ್ನುವ ಅಧಿಕಾರವೂ ಅವರಿಗಿಲ್ಲ. ಪಾಪನಿವೇದನೆಯಲ್ಲಿ ಈ ಎರಡೂ ಮಾತು ಒಟ್ಟಿಗೆ ಸಿಗುತ್ತವೆ. ಪ್ರಾಟೆಸ್ಟೆಂಟರ ಸಿಎಸ್‌ಐ ಸಭೆಗಳಲ್ಲಿ ಎಲ್ಲರೂ ಕೂಡಿ ಪಾಪದ ಅರಿಕೆ ಹೇಳುತ್ತಾರೆ. ಒಬ್ಬರ ಮುಂದೊಬ್ಬರು ಮಂಡಿಯೂರಬೇಕಿಲ್ಲ ಎಂಬುದು ಅಲ್ಲಿನ ಹೆಚ್ಚುಗಾರಿಕೆ. ಆದರೆ ನೂರು ದನಿಗಳ ನಡುವೆ ನನ್ನದೇ ಆದ ತಪ್ಪು ಸುಲಭವಾಗಿ ತಲೆ ಮರೆಸಿಕೊಳ್ಳುತ್ತದೆ.

ನನ್ನ ತಕರಾರು ಇರುವುದು ಪ್ರಾಯಶ್ಚಿತ್ತದ ಬಗ್ಗೆ. ಬಹುಪಾಲು ಅದು ಒಂದು ಪರಲೋಕ ಮಂತ್ರಕ್ಕೂ ಮೂರು ನಮೋ ಮರಿಯಾಕ್ಕೂ ಇಳಿದಿದೆ. ನಮ್ಮ ಬಡಾವಣೆಗಳ ಪಾಪಗಳನ್ನು ನೆನೆಯಿರಿ: ಪಿಜಿ ಖಾಲಿ ಮಾಡಿದ ಹುಡುಗನ ಅಡ್ವಾನ್ಸ್ ನುಂಗುವುದು, ಕೆಲಸದಾಕೆ ಕಾಯಿಲೆ ಬಿದ್ದ ದಿನಗಳ ಸಂಬಳ ಹಿಡಿಯುವುದು, ಸಹೋದ್ಯೋಗಿಯ ಹೆಸರು ಕೆಡಿಸಿ ಬಡ್ತಿ ಪಡೆಯುವುದು. ಮಂತ್ರ ಹೇಳಿ ಮುಗಿಸಿದವರು ಹಗುರಾಗಿ ಎದ್ದು ಹೋಗುತ್ತಾರೆ. ಆ ಹುಡುಗನ ದುಡ್ಡು ಮಾತ್ರ ಇನ್ನೂ ಮಾಲೀಕರ ಬಳಿಯೇ ಇದೆ. ನೊಂದವರು ಆ ಮಾತುಕತೆಯಲ್ಲಿ ಎಲ್ಲಿಯೂ ಇಲ್ಲ.

ಯೇಸುವಿನ ಬೋಧನೆ ಹೀಗಿರಲಿಲ್ಲ. ಸಹೋದರನಿಗೆ ನಿನ್ನ ಮೇಲೆ ಮುನಿಸಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಬಳಿ ಹೋಗು ಎಂಬುದು ಮತ್ತಾಯನ ಸುವಾರ್ತೆಯಲ್ಲಿದೆ. ಲೂಕನ ಸುವಾರ್ತೆಯಲ್ಲಿ ಸುಂಕದ ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಡುತ್ತೇನೆಂದ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ಈ ಮನೆಗೆ ಇಂದು ರಕ್ಷಣೆ ಬಂತೆಂದು ಯೇಸು ಹೇಳಿದ್ದು ಆ ಮಾತಿನ ಮೇಲೆ. ವ್ಯಾಟಿಕನ್ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥವೂ ಕದ್ದದ್ದನ್ನು ಮರಳಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ.

ಕ್ಷಮೆಯಲ್ಲಿ ನೊಂದವರ ಮಾತಿಗೆ ಎಂಥ ತೂಕವಿದೆ ಎಂಬುದನ್ನು ನಾವು ಕಂಡಿದ್ದೇವೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಪುಟ್ಟ ಮಕ್ಕಳನ್ನು ಸುಟ್ಟು ಕೊಂದಾಗ, ಕೊಂದವರನ್ನು ಕ್ಷಮಿಸಿದ್ದೇನೆಂದು ಅವರ ಪತ್ನಿ ಗ್ಲಾಡಿಸ್ ಸ್ಟೇನ್ಸ್ ಹೇಳಿದರು. ಆ ಮಾತು ಇಂದಿಗೂ ಎದೆ ತಟ್ಟುವುದು, ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡವರೇ ಅದನ್ನು ಆಡಿದ್ದರಿಂದ. ಬೇರೆ ಯಾರು ಆಡಿದ್ದರೂ ಅದಕ್ಕೆ ಆ ತೂಕ ಬರುತ್ತಿರಲಿಲ್ಲ. ಕ್ಷಮೆಯಿಂದ ನ್ಯಾಯದ ಕೆಲಸವೂ ನಿಲ್ಲಲಿಲ್ಲ. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು.

ಪಾಪನಿವೇದನೆ ಕೇಳಬೇಕಾದ ಗುರುಗಳು ತಯಾರಾಗುವ ಧರ್ಮಾರಾಮ್ ಕಾಲೇಜು ಬಿಟಿಎಂ ಬಡಾವಣೆಗೆ ಕೂಗಳತೆಯಲ್ಲಿದೆ. ‘ಯಾರದ್ದನ್ನು ತೆಗೆದುಕೊಂಡೆ? ಯಾವಾಗ ಕೊಡುತ್ತೀಯ?’ ಎಂಬ ಎರಡು ಪ್ರಶ್ನೆಗಳನ್ನು ತಪ್ಪದೆ ಕೇಳುವ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ. ಗುಟ್ಟಿನ ನಿಯಮಕ್ಕೆ ಇದರಿಂದ ಭಂಗವಿಲ್ಲ. ಹಣ ಹಿಂದಿರುಗಿಸಲು ಹೋಗುವವರು ತಪ್ಪು ಮಾಡಿದವರೇ, ಫಾದರ್ ಅಲ್ಲ.