‘ಸ್ರಾವ’ವೆಂಬ ಪಾರಿಭಾಷಿಕ ಪದದ ವಿಚಾರ

ಜೀವಾಣುಗಳು ಪ್ರೋಟೀನುಗಳನ್ನು ಹೊರಗೆ ಕಳುಹುವ ಕ್ರಿಯೆಗೆ ‘ವಿಸರ್ಜನೆ’ ಎಂಬ ಪದಪ್ರಯೋಗವು ಯುಕ್ತವಲ್ಲ. ಅದು ಮಲಾದಿಗಳ ತ್ಯಾಗಕ್ಕೆ ಸಲ್ಲತಕ್ಕುದು. ವಿದ್ಯಾರ್ಥಿಯು ಆಯುಧವನ್ನು ಕಸವೆಂದು ಭಾವಿಸುವನು. ‘ಸ್ರಾವ’ವೂ ಸರ್ವತ್ರ ಒಪ್ಪದು, ಸ್ರು ಧಾತುವಿಗೆ ಹರಿಯುವುದು, ಒಸರುವುದು ಎಂದರ್ಥ. 1898ರಲ್ಲಿ ಸಂಶಿಗೆ ನೆರೆಯದಾದ ಹುಬ್ಬಳ್ಳಿಯನ್ನು ಪೀಡಿಸಿದ ಪ್ಲೇಗಿನ ಜೀವಾಣುವನ್ನೇ ನೋಡಿರಿ. ಅದು ಸೂಜಿಯಂತಹ ನಾಳದ ಮೂಲಕ ‘ಯಾಪ್’ ಪ್ರೋಟೀನುಗಳನ್ನು ನಮ್ಮ ರಕ್ಷಕಕೋಶಗಳೊಳಕ್ಕೆ ಹೊಗಿಸುತ್ತದೆ. ಚಿಗಟದ ತಂಪಾದ ಒಡಲಲ್ಲಿ ಇದರ ಜೀನುಗಳು ಬಹುಮಟ್ಟಿಗೆ ಸುಪ್ತ. 37 ಡಿಗ್ರಿಯ ಮೈಬಿಸಿಯಲ್ಲಿ ‘ಎಲ್‌ಸಿಆರ್‌ಎಫ್’ ಎಂಬ ನಿಯಾಮಕದ ಆರ್‌ಎನ್‌ಎ ಮಡಿಕೆಯು ಬಿಚ್ಚಿ, ನಿಯಾಮಕವು ಹುಟ್ಟಿ, ಅವನ್ನು ಎಚ್ಚರಿಸುತ್ತದೆ. ದೇಶಕಾಲಗಳನ್ನರಿತು ನಡೆವ ಈ ವ್ಯಾಪಾರವು ಒಸರುವಿಕೆಯೆಂತು? ಇಲ್ಲಿ ‘ಪ್ರೇಷಣ’ವೇ ಸಾಧು, ಜೊಲ್ಲಿಗೆ ‘ಸ್ರಾವ’ವಿರಲಿ. ‘ಪ್ರೇಷಣ’ವು ಪತ್ರವ್ಯವಹಾರದ ಮಾತೆಂಬ ಆಕ್ಷೇಪವು ದುರ್ಬಲ. ಈ ಪ್ರೋಟೀನುಗಳ ಮೊದಲಲ್ಲಿಯೂ ವಿಳಾಸದಂತಹ ಸಂಕೇತಭಾಗವುಂಟು. ಇಂತಹ ಸಂಕೇತಗಳ ಶೋಧಕ್ಕಾಗಿಯೇ 1999ರಲ್ಲಿ ಬ್ಲೋಬೆಲ್ ಪಂಡಿತರಿಗೆ ನೊಬೆಲ್ ಪಾರಿತೋಷಕವು ಸಂದಿತು.