‘ಮರಳಿ ಮಣ್ಣಿಗೆ’: ರಾಮ ಸೋತನೆ?

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ರಾಮನ ರಾಜಕೀಯ ಸಪ್ಪೆಯಾಯಿತೆಂದು ಆಕ್ಷೇಪಿಸುವವರುಂಟು. ಮದರಾಸಿನಲ್ಲಿ ಓದುತ್ತಿದ್ದ ಹುಡುಗ ಚಳವಳಿಗೆ ಸೇರಿ, ಸೆರೆಮನೆ ಕಂಡು, ಕೊನೆಗೆ ಮುಂದಾಳಾಗದೆ ಊರಿಗೆ ಮರಳುತ್ತಾನೆ. ಇದು ಸೋಲಲ್ಲವೆ ಎಂಬುದು ಅವರ ಪ್ರಶ್ನೆ. ಹಾಲಾಡಿ ಹೊಳೆಯ ಬದಿಯಲ್ಲಿ ಬೆಳೆದ ನನಗೆ ಹಾಗೆ ತೋರುವುದಿಲ್ಲ.

1799ರಲ್ಲಿ ಇಂಗ್ಲಿಷರ ಕೈಸೇರಿದ ನಮ್ಮ ಕರಾವಳಿಗೆ ಮನ್ರೋ ಸಾಹೇಬರು ಮೊದಲ ಕಲೆಕ್ಟರರಾಗಿ ಬಂದರು. ಅವರ ನ್ಯಾಯಬುದ್ಧಿಯ ಕೀರ್ತಿ ದೊಡ್ಡದು. ಆದರೂ 1830–31ರಲ್ಲಿ ಇಲ್ಲಿಯ ರೈತರು ಕೂಟ ಕಟ್ಟಿ, ಕಂದಾಯ ಕೊಡೆವೆಂದು ಕುಳಿತರು. ದೊರೆಗಳ ಹಣದ ಲೆಕ್ಕವನ್ನು ಅವರು ಅಂದೇ ಪ್ರಶ್ನಿಸಿದರು. ದೊರೆಗಳ ಒಳ್ಳೆಯತನದ ಲೆಕ್ಕವನ್ನು, ತಮ್ಮ ವಿದ್ಯೆಯಿಂದಲೇ ನಾವು ಮನುಷ್ಯರಾದೆವೆಂಬ ಅವರ ಹೆಮ್ಮೆಯನ್ನು ಪ್ರಶ್ನಿಸುವುದು ಇನ್ನೂ ಕಷ್ಟ. ಹಾಲಾಡಿಗೆ ದೂರವಲ್ಲದ ಕೋಟದಲ್ಲಿ ಹುಟ್ಟಿ, ಅಸಹಕಾರದ ಕರೆಗೆ ಕಾಲೇಜು ಬಿಟ್ಟ ಕಾರಂತರು ಆ ಕೆಲಸವನ್ನು ಇಲ್ಲಿ ಮಾಡಿದ್ದಾರೆ.

ಅದಕ್ಕಾಗಿ ಅವರು ಕ್ರೂರಿಯಾದ ಬಿಳಿಯ ಅಧಿಕಾರಿಯೊಬ್ಬನನ್ನು ಹುಡುಕಿ ತಂದಿಲ್ಲ. ಒಂದು ಮನೆಯ ಒಳಗನ್ನು ತೋರಿಸಿದ್ದಾರೆ. ಇಂಗ್ಲಿಷು ಕಲಿತ ಲಚ್ಚ ಆಸ್ತಿಯನ್ನು ಕರಗಿಸಿದ, ಹೆಂಡತಿ ನಾಗವೇಣಿಗೆ ರೋಗ ತಂದ. ಶಾಲೆಯ ಮೆಟ್ಟಿಲು ಹತ್ತದ ಪಾರೋತಿ, ಸರಸೋತಿಯರು ಗದ್ದೆಯಲ್ಲಿ ದುಡಿದು ಆ ಮನೆಯನ್ನು ನಿಲ್ಲಿಸಿದ್ದರು. ಯಾರು ಸುಸಂಸ್ಕೃತರೆಂದು ಕಾದಂಬರಿಕಾರರು ಬಾಯಿಬಿಟ್ಟು ಕೇಳುವುದಿಲ್ಲ; ಕೇಳುವ ಅಗತ್ಯವೂ ಇಲ್ಲ.

ಇಷ್ಟಕ್ಕೇ ನಿಂತಿದ್ದರೆ ಇದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುವ ಪುಸ್ತಕವಾಗುತ್ತಿತ್ತು. ಆದರೆ ರಾಮ ಐತಾಳರಿಗೆ ಇಂಗ್ಲಿಷಿನ ಗಂಧವಿಲ್ಲ. ಪಾರೋತಿ ಇರುವಾಗಲೇ ಎರಡನೆಯ ಮದುವೆಯಾದವರು ಅವರೇ. ಮಗನ ವಿದ್ಯೆಯನ್ನು ಪ್ರತಿಷ್ಠೆಯ ಸರಕಾಗಿ ಕಂಡವರೂ ಅವರೇ. ದೊರೆಗಳಿಂದ ಕಿತ್ತುಕೊಂಡ ಹಿರಿಮೆಯನ್ನು ಕಾರಂತರು ನಮ್ಮ ಯಜಮಾನರ ತಲೆಗೆ ಕಟ್ಟುವುದಿಲ್ಲ. ಪುಸ್ತಕದ ದೊಡ್ಡ ಗುಣ ಇದೇ ಎಂದು ನನ್ನ ಎಣಿಕೆ.

ಸೆರೆಮನೆಯ ಭಾಗ ಇನ್ನಷ್ಟು ತುಂಬಿ ಬರಬೇಕಿತ್ತೆಂಬ ಮಾತನ್ನು ಒಪ್ಪೋಣ. ಆದರೆ ರಾಮನ ಮರಳುವಿಕೆ ಸೋಲಲ್ಲ. ಪರರ ಆಳ್ವಿಕೆಯನ್ನು ಧಿಕ್ಕರಿಸಿದವನು ವೇದಿಕೆಯೇರಿ ಇನ್ನೊಬ್ಬ ಯಜಮಾನನಾಗಬಹುದಿತ್ತು. ಅವನು ಹಾಗಾಗದೆ, ತಾಯಿ ನಾಗವೇಣಿ ಕಷ್ಟದಲ್ಲಿ ಉಳಿಸಿಕೊಂಡ ಬದುಕಿಗೆ ಹೆಗಲು ಕೊಟ್ಟ. ಸ್ವರಾಜ್ಯ ಬಂದ ಮೇಲೆ ಮುಂದಾಳುಗಳನ್ನು ಕಂಡಿರುವ ನಾವು ಈ ಕಾದಂಬರಿಯನ್ನು ಮತ್ತೊಮ್ಮೆ ಓದಬೇಕಾದುದು ಇದಕ್ಕಾಗಿ.